ರಕ್ತ ಸೋಸಿದರೂ ಮಸುಕಾಗುವ ನೆನಪು

ಡಯಾಲಿಸಿಸ್‌ನ ಮೊದಲ ಗೆಲುವೇ ಮಿದುಳಿನಲ್ಲಿ ಕಂಡಿತು. 1945ರಲ್ಲಿ ನೆದರ್ಲೆಂಡ್ಸ್‌ನ ಕಾಂಪೆನ್‌ನಲ್ಲಿ ವಿಲ್ಲೆಮ್ ಕೋಲ್ಫ್ ತಮ್ಮ ಯಂತ್ರಕ್ಕೆ ಜೋಡಿಸಿದ 67 ವರ್ಷದ ಹೆಂಗಸು ಕೋಮಾದಿಂದ ಎಚ್ಚತ್ತು ಮಾತಾಡಿದಳು. ಯೂರಿಯಾ ಇಳಿದರೆ ಬುದ್ಧಿ ತಿಳಿಯಾಗುತ್ತದೆ ಎಂಬ ನಂಬಿಕೆ ಬೇರೂರಿತು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯನ್ನು ಮತ್ತೆ ಮತ್ತೆ ಯಂತ್ರಕ್ಕೆ ಜೋಡಿಸಲು ನೆರವಾಗುವ ಕೊಳವೆ, ಅಂದರೆ ಶಂಟ್ ರೂಪಿಸಿದ ಮೇಲೆ ರೋಗಿಗಳು ವರ್ಷಗಟ್ಟಲೆ ಬದುಕತೊಡಗಿದರು. ಆ ನಂಬಿಕೆ ಒರೆಗೆ ಬಿದ್ದದ್ದೂ ಆಮೇಲೆಯೇ.

1972ರಲ್ಲಿ ಡೆನ್ವರ್‌ನ ಅಲೆನ್ ಆಲ್‌ಫ್ರೆ ಮತ್ತು ಸಂಗಡಿಗರು ಡಯಾಲಿಸಿಸ್ ರೋಗಿಗಳಲ್ಲಿ ಕಂಡ ಹೊಸದೊಂದು ಕಾಯಿಲೆಯನ್ನು ವಿವರಿಸಿದರು: ಮಾತು ತೊದಲುವುದು, ಮೈ ಅದುರುವುದು, ಮರೆವು, ಕೆಲವೇ ತಿಂಗಳಲ್ಲಿ ಸಾವು. 1976ರಲ್ಲಿ ಅದೇ ತಂಡ ಅಲ್ಯೂಮಿನಿಯಂ ಕಡೆ ಬೊಟ್ಟು ಮಾಡಿತು. ಅದು ನೀರಿನಿಂದಲೂ ಬರುತ್ತಿತ್ತು, ರಂಜಕ ತಗ್ಗಿಸಲು ಕೊಡುತ್ತಿದ್ದ ಮಾತ್ರೆಯಿಂದಲೂ ಬರುತ್ತಿತ್ತು. ಮಲಪ್ರಭೆಯ ನಲ್ಲಿನೀರಿನ ಹುಬ್ಬಳ್ಳಿ-ಧಾರವಾಡಕ್ಕೆ ಇದು ದೂರದ ಕತೆಯಲ್ಲ. ಅಲ್ಯೂಮಿನಿಯಂ ಇರುವ ಪಟಿಕ ಹಾಕಿ ತಿಳಿಗೊಳಿಸಿದ ಯಾವ ಊರಿನ ನೀರೂ ಕುಡಿಯಲು ಸರಿ, ಡಯಾಲಿಸಿಸ್‌ಗೆ ಸಾಲದು. ನಾಲ್ಕು ತಾಸಿನ ಒಂದು ಸರದಿಯಲ್ಲಿ ಸುಮಾರು 120 ಲೀಟರ್ ದ್ರಾವಣ ತೆಳುಪೊರೆಯ ಆಚೆಗೆ ರಕ್ತದ ಪಕ್ಕದಲ್ಲೇ ಹರಿಯುತ್ತದೆ. ಯಂತ್ರದ ಹಿಂದಿನ ಆರ್‌ಓ ಘಟಕವನ್ನು ರೋಗಿಯ ಮನೆಯವರು ನೋಡುವುದೇ ಇಲ್ಲ. ಆದರೆ ಆ ಕಾಯಿಲೆಯನ್ನು ಅಪರೂಪಗೊಳಿಸಿದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಅಂಥ ನೀರು ಶುದ್ಧೀಕರಣದ್ದು.

ಅಲ್ಯೂಮಿನಿಯಂ ಹೋಯಿತು, ಮರೆವು ಹೋಗಲಿಲ್ಲ. 2006ರಲ್ಲಿ ಆ್ಯನ್ ಮರ‍್ರೇ ತಂಡ ಅಮೆರಿಕದ ಮಿನಿಯಾಪೊಲಿಸ್ ಸುತ್ತಲಿನ 55 ದಾಟಿದ 338 ಡಯಾಲಿಸಿಸ್ ರೋಗಿಗಳ ಬುದ್ಧಿಶಕ್ತಿಯನ್ನು ಪರೀಕ್ಷಿಸಿತು. ಶೇ. 37 ಮಂದಿಯಲ್ಲಿ ತೀವ್ರ ಕುಂದು ಇತ್ತು, ಸರಿಯಾಗಿದ್ದವರು ಶೇ. 13ರಷ್ಟೇ. ಆಸ್ಪತ್ರೆಯ ದಾಖಲೆಯಲ್ಲಿ ಇದರ ಉಲ್ಲೇಖವಿದ್ದದ್ದು ಶೇ. 3ಕ್ಕೂ ಕಡಿಮೆ ಜನರದು. ಈ ಕೊನೆಯ ಅಂಕಿಯೇ ನನಗೆ ಹೆಚ್ಚು ಕಳವಳದ್ದು. ಅದೇ ವರ್ಷ ಮಂಜುಲಾ ಕುರೆಲ್ಲಾ ತಂಡದ ಅಂತರರಾಷ್ಟ್ರೀಯ ವಿಶ್ಲೇಷಣೆ, ಡಿಮೆನ್ಷಿಯಾ ಇದ್ದ ಡಯಾಲಿಸಿಸ್ ರೋಗಿಗಳಲ್ಲಿ ಸಾವಿನ ಅಪಾಯ ಸುಮಾರು ಒಂದೂವರೆ ಪಟ್ಟು ಎಂದು ತೋರಿಸಿತು.

ಕಾರಣ ಒಂದೇ ಅಲ್ಲ. ಸಕ್ಕರೆ ಕಾಯಿಲೆ, ಬಿಪಿ ಮೊದಲೇ ಸಣ್ಣ ರಕ್ತನಾಳಗಳನ್ನು ಕೆಡಿಸಿರುತ್ತವೆ. ಸಾಲದ್ದಕ್ಕೆ ಚಿಕಿತ್ಸೆಯ ಹೊತ್ತಿನಲ್ಲೇ ಮಿದುಳಿನ ರಕ್ತದ ಹರಿವು ಸರಾಸರಿ ಶೇ. 10ರಷ್ಟು ಇಳಿಯುತ್ತದೆಂದು 2018ರ ಡಚ್ ಅಧ್ಯಯನವೊಂದು ವೃದ್ಧರಲ್ಲಿ ಕಂಡಿತು. ವಾರಕ್ಕೆ ಆರು ಸಲ ಡಯಾಲಿಸಿಸ್ ಮಾಡಿ ನೋಡಿದ ಅಮೆರಿಕದ ಪ್ರಯೋಗದಲ್ಲೂ ಯೋಚಿಸಿ ನಿರ್ಧರಿಸುವ ಶಕ್ತಿ ಸುಧಾರಿಸಲಿಲ್ಲ. ದ್ರಾವಣವನ್ನು ಮೈಬಿಸಿಗಿಂತ ಅರ್ಧ ಡಿಗ್ರಿ ತಂಪಾಗಿಟ್ಟಾಗ ಮಿದುಳಿನ ಬಿಳಿ ಭಾಗ ಉಳಿದುಕೊಂಡಿತು ಎಂದು 2015ರ ಚಿಕ್ಕ ಬ್ರಿಟಿಷ್ ಪ್ರಯೋಗ ಹೇಳಿತು. ಖರ್ಚಿಲ್ಲದ ಉಪಾಯ, ಆದರೆ ಪುರಾವೆ ಇನ್ನೂ ತೆಳು.

2016ರ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಿಂದ ಬಡವರಿಗೂ ಯಂತ್ರ ಎಟುಕಿತು. ಗದಗ, ಹಾವೇರಿ ಕಡೆಯವರಿಗೂ ದೊಡ್ಡಾಸ್ಪತ್ರೆಯೆಂದರೆ ಹುಬ್ಬಳ್ಳಿಯ ಕಿಮ್ಸ್. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಕಿಮ್ಸೇ. ಅಲ್ಲಿಗೆ ಬರುವ ಡಯಾಲಿಸಿಸ್ ರೋಗಿಗಳ ಬುದ್ಧಿಯನ್ನು ಅಳೆಯುವುದು ಹೇಗೆ? ಓದು ಬರಹ ಬಾರದ ಅಜ್ಜಿಗೆ ನೂರರಿಂದ ಏಳೇಳು ಕಳೆಯಲು ಹೇಳಿದರೆ ತಿಳಿಯುವುದು ಅವಳ ಶಾಲೆ, ಅವಳ ಮಿದುಳಲ್ಲ. ಐಸಿಎಂಆರ್ 2020ರ ಹೊತ್ತಿಗೆ ಸಿದ್ಧಪಡಿಸಿದ ಪರೀಕ್ಷಾಗುಚ್ಛ ಕನ್ನಡದಲ್ಲೂ ಇದೆ. ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಡಿಮ್ಹಾನ್ಸ್ ಸಂಸ್ಥೆ ಧಾರವಾಡದಲ್ಲೇ ಇದೆ, ಕಿಮ್ಸ್‌ನಿಂದ ಸುಮಾರು 20 ಕಿ.ಮೀ.

ಹೊತ್ತನ್ನೂ ನೋಡಬೇಕು. ಯಂತ್ರಕ್ಕೆ ಜೋಡಿಸಿದಾಗಲೇ ರೋಗಿಯ ಬುದ್ಧಿ ಅತಿ ಮಂದ, ಸರದಿಗೆ ಮೊದಲು ಅಥವಾ ಮರುದಿನ ಚುರುಕು ಎಂದು ಮರ‍್ರೇ 2007ರಲ್ಲಿ ತೋರಿಸಿದರು. ದಿನಕ್ಕೆ ಎಷ್ಟು ನೀರು, ಯಾವ ಗುಳಿಗೆ ಯಾವಾಗ ಎಂಬುದನ್ನು ಸರದಿಗೆ ಮೊದಲೇ, ಜೊತೆಗೆ ಬಂದ ಮಗಳನ್ನೋ ಸೊಸೆಯನ್ನೋ ಕೂರಿಸಿಕೊಂಡು ಹೇಳಲು ಹೊಸ ಯಂತ್ರವೇನೂ ಬೇಡ.