ಲ್ಯೂಬೆಕ್‌ನ ಕುಟುಂಬಪುಸ್ತಕ, ನಂಜನಗೂಡಿನ ಶ್ರಾದ್ಧ

ತಂದೆ-ಮಕ್ಕಳನ್ನು ಬಂಧಿಸುವುದು ರಕ್ತವೋ, ಆಚರಣೆಯೋ? ಈ ಪ್ರಶ್ನೆಯನ್ನೆತ್ತಿದ ಎರಡು ಕಾದಂಬರಿಗಳಲ್ಲಿ ಒಂದು ನಾವು ನೆಲೆಸಿರುವ ಜರ್ಮನಿಯದು, ಇನ್ನೊಂದು ನಮ್ಮ ಕನ್ನಡದ್ದು.

ಥಾಮಸ್ ಮಾನ್ 1901ರಲ್ಲಿ ಪ್ರಕಟಿಸಿದ ‘ಬುಡೆನ್‌ಬ್ರೂಕ್ಸ್’, ತಮ್ಮ ಹುಟ್ಟೂರಾದ ಲ್ಯೂಬೆಕ್ ನಗರವನ್ನು ಕಣ್ಣ ಮುಂದಿಟ್ಟುಕೊಂಡು ಬರೆದದ್ದು. ಧಾನ್ಯವ್ಯಾಪಾರಿಗಳ ಮನೆತನವೊಂದರ ನಾಲ್ಕು ತಲೆಮಾರುಗಳ ಕಥೆ. ಜನನ, ಜ್ಞಾನಸ್ನಾನ, ಮದುವೆ, ಮರಣ ಎಲ್ಲವೂ ಅಲ್ಲಿ ಕುಟುಂಬದ ಪುಸ್ತಕವೊಂದರಲ್ಲಿ ದಾಖಲಾಗುತ್ತವೆ. ಒಂದು ದಿನ ಬಾಲಕ ಹನ್ನೊ ಅದನ್ನು ತೆರೆದು, ತನ್ನ ಹೆಸರಿನ ಕೆಳಗೆ ರೂಲುಪಟ್ಟಿಯಿಟ್ಟು ಎರಡು ಗೆರೆ ಎಳೆದುಬಿಡುತ್ತಾನೆ. ತಂದೆ ಗದರಿಸಿದರೆ, ಇನ್ನು ಮುಂದೆ ಬರೆಯುವುದೇನೂ ಇರಲಾರದೆಂದುಕೊಂಡೆ ಎಂಬರ್ಥದಲ್ಲಿ ತೊದಲುತ್ತಾನೆ. ಅಂಗಡಿಯ ಶತಮಾನೋತ್ಸವದ ದಿನ ತಂದೆಯೆದುರು ಪದ್ಯ ಒಪ್ಪಿಸಲಾರದೆ ಅತ್ತವನೂ ಇವನೇ. ವಿಷಮಶೀತಜ್ವರದಿಂದ ಹುಡುಗ ತೀರಿಕೊಂಡಾಗ ಆ ಗೆರೆ ನಿಜವಾಗುತ್ತದೆ.

ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ 1965ರದು. ಬಿ. ವಿ. ಕಾರಂತ, ಗಿರೀಶ ಕಾರ್ನಾಡರು ತೆಗೆದ ಚಿತ್ರದಿಂದ (1971) ಅದನ್ನು ಬಲ್ಲವರೂ ನಮ್ಮಲ್ಲಿ ಇದ್ದಾರೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಒಬ್ಬನೇ ಮಗ ಕಪಿಲಾ ನದಿಯ ಪಾಲಾಗುತ್ತಾನೆ. ಸೊಸೆ ಕಾತ್ಯಾಯನಿ ಮರುಮದುವೆಯಾಗಿ ಹೋಗುತ್ತಾಳೆ. ಮೊಮ್ಮಗ ಚೀನಿಯನ್ನು ಮಾತ್ರ ಅಜ್ಜ ಬಿಟ್ಟುಕೊಡುವುದಿಲ್ಲ, ಅವನು ಶ್ರೋತ್ರಿವಂಶದ ಕುಡಿ ಎಂಬ ನಂಬಿಕೆಯಿಂದ. ಆದರೆ ಇಳಿವಯಸ್ಸಿನಲ್ಲಿ ಹಳೆಯ ಕಾಗದಪತ್ರಗಳಿಂದ ತಾವೇ ಆ ವಂಶದ ರಕ್ತದವರಲ್ಲವೆಂದು ಶ್ರೋತ್ರಿಗಳಿಗೆ ಗೊತ್ತಾಗುತ್ತದೆ. ಆಸ್ತಿಯನ್ನು ದಾನಮಾಡಿ ಮನೆ ತೊರೆಯುತ್ತಾರೆ.

ಹಾಗಾದರೆ ಅವರು ಅಷ್ಟು ವರ್ಷ ಶ್ರದ್ಧೆಯಿಂದ ನಡೆಸಿದ ಶ್ರಾದ್ಧಗಳ ಗತಿ? ವ್ಯರ್ಥವೆನ್ನಲು ನಮಗೆ ಮನಸ್ಸಿಲ್ಲ. ಹನ್ನೊ ರಕ್ತದಿಂದ ಮಗ, ಆಚರಣೆಯಲ್ಲಿ ಸೋತವನು. ಶ್ರೋತ್ರಿಗಳು ರಕ್ತದಿಂದ ಮಗನಲ್ಲದಿದ್ದರೂ ಮಗನ ಕರ್ತವ್ಯವನ್ನು ತಪ್ಪದೆ ಮಾಡಿದವರು. ಆಸ್ತಿಯನ್ನು ಬಿಟ್ಟದ್ದು ಸರಿಯೇ, ಆದರೆ ತಂದೆಯನ್ನು ಬಿಡಬೇಕಾಗಿರಲಿಲ್ಲ. ಗಂಡನ ಮನೆಯಲ್ಲಿ ನಿಯೋಗದಿಂದ ಹುಟ್ಟಿದ ಕ್ಷೇತ್ರಜನನ್ನೂ ಮಗನೆಂದೇ ಎಣಿಸಿದ್ದು ನಮ್ಮ ಹಳೆಯ ಧರ್ಮಶಾಸ್ತ್ರಗಳಲ್ಲವೆ?

ಇದು ಬರೀ ಪುಸ್ತಕದ ಮಾತಲ್ಲ. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಮೂವರ ಹೆಸರನ್ನೂ ಹೇಳಬೇಕು; ಪಿತೃಪಕ್ಷದಲ್ಲಿ ಎಡೆಯಿಡುವ ಮನೆಗಳಲ್ಲೂ ಹಿರಿಯರನ್ನು ನೆನೆಯಬೇಕು. ಸಂಕಲ್ಪದಲ್ಲಿ ಭರತವರ್ಷೇ ಎನ್ನುವಲ್ಲಿ ಇಲ್ಲಿ ಏನೆನ್ನಬೇಕೆಂಬ ಚರ್ಚೆ ಬೇರೆ! ಇಲ್ಲೇ ಹುಟ್ಟಿದ ಮಕ್ಕಳಿಗೆ ಅಜ್ಜನ ಹೆಸರು ಗೊತ್ತು, ಮುತ್ತಜ್ಜನ ಹೆಸರಿಗೆ ನಾವೇ ಊರಿಗೆ ಫೋನು ಮಾಡುತ್ತೇವೆ. ಅದನ್ನು ಬರೆದುಕೊಂಡ ಚೀಟಿಯನ್ನು ಮಡಿಸಿ ಪಂಚಾಂಗದೊಳಗೆ ಇಟ್ಟಿರುತ್ತೇವೆ.