ಬೆಳಕಿಗೆ ಹೊರಳುವ ಅಣು

ಕೃಷ್ಣಾತೀರದ ಗೂಗಲ್ಲಿನಲ್ಲಿ ಅಲ್ಲಮಪ್ರಭುವಿನ ಗುಡಿಯಿದೆ. ಬೆಳಕೆಂದೊಡನೆ ನಮ್ಮ ರಾಯಚೂರು ಸೀಮೆಯವರಿಗೆ ಅವನ ನೆನಪಾಗುವುದು ಸಹಜ. ನಾನು ಇಂದು ಹೇಳಹೊರಟಿರುವುದು ಮಾತ್ರ ಅನುಭಾವದ ಬೆಳಕನ್ನಲ್ಲ, ಅಣುವೊಂದನ್ನು ಹೊರಳಿಸುವ ಸಾಮಾನ್ಯ ಬೆಳಕನ್ನು. ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಓದೆಂಬುದೇ ಇಂಥ ಹೊರಳುವಿಕೆಯಿಂದ ಮೊದಲಾಗುತ್ತದೆ: ಕಣ್ಣಿನ ಒಳಪರದೆಯಲ್ಲಿ ಬಾಗಿ ಕುಳಿತ ರೆಟಿನಾಲ್ ಅಣು ಬೆಳಕು ತಾಗಿದೊಡನೆ ನೆಟ್ಟಗಾಗುತ್ತದೆ. ಈ ಶೋಧದಲ್ಲಿ ಪ್ರಮುಖನಾದ ಜಾರ್ಜ್ ವಾಲ್ಡನಿಗೆ 1967ರಲ್ಲಿ ನೊಬೆಲ್ ಬಹುಮಾನ ಸಂದಿತು.

ಪ್ರಯೋಗಶಾಲೆಯ ಕಥೆ ಇದಕ್ಕೂ ಹಿಂದಿನದು. ಕಿತ್ತಳೆ ಬಣ್ಣದ ಅಜೋಬೆಂಜೀನಿನ ದ್ರಾವಣವನ್ನು ಬೆಳಕಿಗಿಟ್ಟಾಗ ಅದರಲ್ಲಿ ಬಾಗಿದ ಅಣುಗಳೂ ಹುಟ್ಟುತ್ತವೆಂದು ಹಾರ್ಟ್ಲಿ 1937ರಲ್ಲಿ ತೋರಿಸಿದ. ನೇರಳಾತೀತ ಕಿರಣ ಬಾಗಿಸುತ್ತದೆ, ನೀಲಿ ಬೆಳಕು ಮತ್ತೆ ನೆಟ್ಟಗಾಗಿಸುತ್ತದೆ. ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1977ರಲ್ಲಿ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದ ಎಸ್. ಚಂದ್ರಶೇಖರ್ ಅವರು 1991ರಲ್ಲಿ ಸ್ಥಾಪಿಸಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರದಲ್ಲಿ, ಇಂಥ ಅಣುಗಳನ್ನು ದ್ರವಸ್ಫಟಿಕಕ್ಕೆ ಬೆರೆಸಿ, ಬೆಳಕಿನಿಂದ ಅದರ ಸಾಲುಗಟ್ಟನ್ನೇ ಕೆಡಿಸಿ ನೋಡಿದರು.

ಆದರೆ ಅದು ಜಾತ್ರೆಯ ಮಾತು. ಒಬ್ಬ ಯಾತ್ರಿಕನ ಮುಖ ಅಲ್ಲಿ ಕಾಣದು. ಬಿನ್ನಿಗ್ ಮತ್ತು ರೋರರ್ 1981ರಲ್ಲಿ ಜ್ಯೂರಿಕ್ಕಿನಲ್ಲಿ ನಿರ್ಮಿಸಿದ ಸೂಕ್ಷ್ಮದರ್ಶಕ ಆ ಮುಖವನ್ನು ತೋರಿಸಬಲ್ಲದಾಯಿತು. ಸೂಜಿಮೊನೆಯಿಂದ ಹಾಯುವ ವಿದ್ಯುತ್ತೇ ಅದರ ಕಣ್ಣು. ಆದ್ದರಿಂದ ಅಣುವಿನ ಕೆಳಗೆ ಲೋಹ ಬೇಕು. ಇಕ್ಕಟ್ಟು ಇಲ್ಲಿಯೇ. ಅಣು ಬೆಳಕಿನಿಂದ ಪಡೆದ ಶಕ್ತಿಯನ್ನು, ಅದು ಹೊರಳುವ ಮುನ್ನವೇ, ಲೋಹ ಕಸಿದುಕೊಳ್ಳುತ್ತದೆ. ಮನೆಯ ಯಜಮಾನನೇ ಅತಿಥಿಯ ಬುತ್ತಿ ಕದ್ದಂತೆ! 2007ರಲ್ಲಿ ಬರ್ಕ್ಲಿಯ ವಿಜ್ಞಾನಿಗಳು ಅಜೋಬೆಂಜೀನಿಗೆ ಕಾಲುಗಳಂತೆ ನಾಲ್ಕು ಗುಂಪುಗಳನ್ನು ಜೋಡಿಸಿ, ಚಿನ್ನದಿಂದ ಮೇಲೆತ್ತಿ ನಿಲ್ಲಿಸಿದರು. ಆಗ ಬಿಡಿ ಅಣು ಬೆಳಕಿಗೆ ಹೊರಳಿತು. ಉಪಾಯ ಚತುರವಾದದ್ದೇ. ಆದರೂ ನನಗೆ ಹೆಚ್ಚು ಹಿಡಿಸಿದ್ದು ಉಪ್ಪಿನ ದಾರಿ.

ನಮ್ಮ ಅಡಿಗೆಮನೆಯ ಉಪ್ಪೇ ಅದು. ಉಪ್ಪು ವಿದ್ಯುತ್ತನ್ನು ಹರಿಯಗೊಡದು, ಅಣುವಿನ ಶಕ್ತಿಯನ್ನೂ ಲೋಹದಂತೆ ಕಸಿಯದು. ತಾಮ್ರದ ಮೇಲೆ ಎರಡೇ ಪರಮಾಣು ಪದರ ಉಪ್ಪನ್ನು ಹಾಸಿದರೆ ಹಳೆಯ ಸೂಕ್ಷ್ಮದರ್ಶಕವೇ ಸಾಕು. ಗಟ್ಟಿ ಹರಳಾದರೆ, 1986ರಲ್ಲಿ ಬಂದ, ವಿದ್ಯುತ್ತಿಗೆ ಬದಲು ಬಲವನ್ನು ಅಳೆಯುವ ಇನ್ನೊಂದು ಉಪಕರಣ ಬೇಕು. ತೊಡಕು ಬೇರೆ ಕಡೆಯಿಂದ ಬರುತ್ತದೆ: ಉಪ್ಪಿನ ಹಿಡಿತ ಸಡಿಲ, ಅಣುಗಳು ಜಾರಿ, ಒಂದನ್ನೊಂದು ಸೇರಿ ಗುಂಪಾಗುತ್ತವೆ. ಆದ್ದರಿಂದಲೇ ದ್ರವ ಹೀಲಿಯಮ್ಮಿನ ನೆರವಿನಿಂದ ಹರಳನ್ನು ಸೊನ್ನೆಗಿಂತ ಸುಮಾರು 268 ಡಿಗ್ರಿ ಕೆಳಗೆ ತಣಿಸಿ, ಅಣು ಕದಲದಂತೆ ಮಾಡಿ, ಆಮೇಲೆ ಅದರತ್ತ ಬೆಳಕನ್ನು ಬಿಡುತ್ತಾರೆ.