ಸೆರೆಮನೆಯ ತೋಟ: ಪ್ರಾಯಶ್ಚಿತ್ತ, ದುಡಿಮೆ, ಕೂಲಿ

1984ರ ಏಪ್ರಿಲ್‌ನಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದ ರಾಮಮೂರ್ತಿ ಎಂಬ ಕೈದಿ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಬಗೆಬಗೆಯ ಕೆಲಸಗಳಲ್ಲಿ ದುಡಿಸಿಕೊಂಡು ನ್ಯಾಯವಾದ ಕೂಲಿ ಕೊಡುತ್ತಿಲ್ಲ, ಊಟ ತಿನ್ನುವಂತಿಲ್ಲ, ಮೈಗೂ ಮನಸ್ಸಿಗೂ ಹಿಂಸೆಯಿದೆ ಎಂಬುದು ಅದರ ಸಾರ. ನ್ಯಾಯಾಲಯವು ಆ ಪತ್ರವನ್ನೇ ವಿಚಾರಣೆಗೆ ಎತ್ತಿಕೊಂಡಿತಾದರೂ ತೀರ್ಪು ಬಂದದ್ದು 1996ರ ಡಿಸೆಂಬರ್‌ನಲ್ಲಿ. ಕಿಕ್ಕಿರಿದ ಬಂದೀಖಾನೆ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಕಡೆಗಣನೆ ಮೊದಲಾಗಿ ಒಂಬತ್ತು ಸಮಸ್ಯೆಗಳನ್ನು ಅದು ಗುರುತಿಸಿತು. 1894ರ ಕಾರಾಗೃಹ ಕಾಯಿದೆಯ ಬದಲಿಗೆ ಹೊಸದೊಂದು ಬೇಕೆಂದಿತು.

ಕೈದಿ ಕೇಳಿದ್ದು ಕರುಣೆಯನ್ನಲ್ಲ, ಕೂಲಿಯನ್ನು. ಕ್ರಿಸ್ಮಸ್ ಕೇಕು ಹಿಡಿದು ಸೆರೆಮನೆಗೆ ಹೋಗುವ ನಾವು ಈ ಭೇದವನ್ನು ಗಮನಿಸಬೇಕು.

ಆ ಕಾರಾಗೃಹದ ಆವರಣ ಇಂದು ಫ್ರೀಡಂ ಪಾರ್ಕ್ ಆಗಿದೆ. ನಡುವೆ ನಿಂತ ಕಾವಲು ಗೋಪುರವನ್ನು ಈಗಲೂ ನೋಡಬಹುದು. ತುರ್ತುಪರಿಸ್ಥಿತಿಯಲ್ಲಿ ಇಲ್ಲಿ ಬಂಧಿತರಾಗಿದ್ದ ನಟಿ ಸ್ನೇಹಲತಾ ರೆಡ್ಡಿ, ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು, ಆಸ್ತಮಾದಿಂದ ನರಳುತ್ತಲೇ ಸಹಬಂದಿನಿಯರ ಪರವಾಗಿ ದನಿಯೆತ್ತಿದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಗೋಪುರದ ಕಣ್ಣಿಗೆ ಕೈದಿಯ ಚಲನೆ ಕಾಣುತ್ತದೆ, ಉಸಿರಾಟ ಕಾಣುವುದಿಲ್ಲ.

ಸೆರೆಮನೆಯ ಚರಿತ್ರೆಯಲ್ಲಿ ಧರ್ಮಸಭೆಯ ಕೈಯೂ ಇದೆ. ಇಂಗ್ಲಿಷಿನ 'ಪೆನಿಟೆನ್ಷಿಯರಿ' ಎಂಬ ಪದ ಪ್ರಾಯಶ್ಚಿತ್ತವೆಂಬ ಲತೀನ್ ಮೂಲದಿಂದ ಬಂದದ್ದು. ಮಧ್ಯಯುಗದ ಮಠಗಳಲ್ಲಿ ತಪ್ಪಿತಸ್ಥ ಸನ್ಯಾಸಿಗಳನ್ನು ಕೂಡಿಹಾಕುತ್ತಿದ್ದ ಕತ್ತಲೆಕೋಣೆಗೆ 'ವಾದೆ ಇನ್ ಪಾಚೆ', ಅಂದರೆ 'ಸಮಾಧಾನದಿಂದ ಹೋಗು' ಎಂಬ ಹೆಸರಿತ್ತು. ಕ್ಷಮೆಯ ಮಾತನ್ನು ನೆಲಮಾಳಿಗೆಗೆ ಇಟ್ಟ ಈ ಕ್ರೌರ್ಯವನ್ನು ಹೊರಗಿನವರಿಗಿಂತ ಮೊದಲೇ ಖಂಡಿಸಿದವರಲ್ಲಿ ಬೆನೆಡಿಕ್ಟೈನ್ ವಿದ್ವಾಂಸ ಜಾನ್ ಮಾಬಿಯೋ ಒಬ್ಬರು. 17ನೇ ಶತಮಾನದ ಕೊನೆಗೆ ಬರೆದು, ಅವರು ತೀರಿಕೊಂಡ ಬಳಿಕ 1724ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಅವರು ಕೇಳಿದ್ದು ಇಷ್ಟು: ಕೈದಿಗೆ ಉಪಯುಕ್ತ ದುಡಿಮೆ, ಸಂತೈಸುವವರ ಭೇಟಿ, ಪ್ರತಿ ಕೋಣೆಗೂ ಗಾಳಿ ಬರುವ ಪುಟ್ಟ ತೋಟ. 1703ರಲ್ಲಿ ಪೋಪ್ ಹನ್ನೊಂದನೆಯ ಕ್ಲೆಮೆಂಟರು ರೋಮಿನ ಸಾನ್ ಮಿಕೇಲೆಯಲ್ಲಿ ಬಾಲಾಪರಾಧಿಗಳಿಗಾಗಿ ಸುಧಾರಣಾಗೃಹ ಕಟ್ಟಿಸಲು ತೊಡಗಿದರು. ಮುಂದೆ ಇಂಗ್ಲೆಂಡಿನ ಸುಧಾರಕ ಜಾನ್ ಹೊವರ್ಡ್ ಅದನ್ನು ಕಂಡು ಮೆಚ್ಚಿದರು. ಅಲ್ಲಿಯೂ ಕಠೋರ ಮೌನದ ನಿಯಮವಿತ್ತೆಂಬುದನ್ನು ನಾವು ಮರೆಮಾಚಬೇಕಿಲ್ಲ.

ಮಾಬಿಯೋ ಬಯಸಿದ ತೋಟ ನಮಗೆ ದೂರದ್ದೇನಲ್ಲ. ಹೆಬ್ಬಾಳ, ಯಲಹಂಕ ದಾಟಿ ಬಳ್ಳಾರಿ ರಸ್ತೆ ಹಿಡಿದರೆ ಸಿಗುವ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ (ನಗರದೊಳಗಿನ ಕೋರಮಂಗಲವಲ್ಲ) ರಾಜ್ಯದ ಬಯಲು ಬಂದೀಖಾನೆ ಇದೆ. ಸನ್ನಡತೆಯ ಶಿಕ್ಷಾಬಂದಿಗಳು ಅಲ್ಲಿ ಬೇಸಾಯ ಮಾಡಿಕೊಂಡಿರುತ್ತಾರೆ. ಗೋಡೆಗಿಂತ ನಂಬಿಕೆಯೇ ಅಲ್ಲಿನ ಕಾವಲು. ಆದರೆ ಅದರ ಸಾಮರ್ಥ್ಯ 80 ಮಂದಿಗೆ ಮಾತ್ರ. ರಾಜ್ಯದ ಕಾರಾಗೃಹಗಳಲ್ಲಿರುವವರು ಹತ್ತು ಸಾವಿರಕ್ಕೂ ಮಿಕ್ಕಿ. ಅವರಲ್ಲಿ ಹೆಚ್ಚಿನವರು ಇನ್ನೂ ಅಪರಾಧ ಸಾಬೀತಾಗದ ವಿಚಾರಣಾಧೀನರು. ಶಿಕ್ಷೆಯೇ ಆಗದವರಿಗೆ ಈ ತೋಟದ ಬಾಗಿಲು ತೆರೆಯದು. ಇದಕ್ಕಿಂತ ಕಹಿಯಾದ ವಿಪರ್ಯಾಸ ನನಗೆ ತೋಚದು.

ಇನ್ನು ಕೂಲಿಯ ಮಾತು. 1998ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಠಿಣ ಶಿಕ್ಷೆಯ ಕೈದಿಗೂ ಸಮುಚಿತ ಕೂಲಿ ಸಲ್ಲಬೇಕೆಂದು ತೀರ್ಪಿತ್ತಿತು. ಅದರಲ್ಲೊಂದು ಪಾಲನ್ನು ಅಪರಾಧಕ್ಕೆ ತುತ್ತಾದವರ ಪರಿಹಾರಕ್ಕೆ ತೆಗೆದಿಡುವ ಮಾರ್ಗವನ್ನೂ ಸೂಚಿಸಿತು. ಪಶ್ಚಾತ್ತಾಪ, ಪಾಪನಿವೇದನೆ, ಪರಿಹಾರ ಎಂದು ಪಾಪಕ್ಷಮೆಯ ಸಂಸ್ಕಾರವನ್ನು ಬೋಧಿಸುವ ನಮಗೆ ಈ ಮೂರನೆಯ ಅಂಗ ಚಿರಪರಿಚಿತ. ಜಕ್ಕಾಯನು ನಾಲ್ಕರಷ್ಟು ಹಿಂದಿರುಗಿಸಲು ಸಾಧ್ಯವಾದದ್ದು ಅವನ ಬಳಿ ಹಣವಿದ್ದುದರಿಂದ. ಕೂಲಿಯಿಲ್ಲದೆ ದುಡಿದ ಕೈದಿ ತಾನು ನೋಯಿಸಿದ ಮನೆಗೆ ಏನನ್ನು ಹಿಂದಿರುಗಿಸಿಯಾನು?